ಉಫಿಜಿ ಗ್ಯಾಲರಿ: ಟಿಕೆಟ್ ಕ್ಯೂ ತಪ್ಪಿಸಲು ಕೊಡುವ 4 ಯೂರೊ

ಫ್ಲಾರೆನ್ಸ್‌ಗೆ ಹೋಗುವ ಯೋಚನೆ ಇದ್ದರೆ ಅಲ್ಲಿಯ ಕಲಾ ಮ್ಯೂಸಿಯಂ ಉಫಿಜಿ ಗ್ಯಾಲರಿಯ ಟಿಕೆಟ್ಟನ್ನು ಊರಿಂದ ಹೊರಡುವ ಮುಂಚೆಯೇ ಬುಕ್ ಮಾಡಿಬಿಡಿ. ಮ್ಯೂಸಿಯಂನ ಸ್ವಂತ ವೆಬ್‌ಸೈಟ್‌ನಲ್ಲೇ ಮಾಡಿ, ಬೇರೆ ಎಲ್ಲೂ ಬೇಡ. ಸಮಯ ಕಾದಿರಿಸಲು ಟಿಕೆಟ್ ಬೆಲೆಯ ಮೇಲೆ 4 ಯೂರೊ ಜಾಸ್ತಿ ತಗೊಳ್ಳುತ್ತಾರೆ. ಇಡೀ ಇಟಲಿ ಪ್ರವಾಸದಲ್ಲಿ ನಾವು ಖರ್ಚು ಮಾಡಿದ ದುಡ್ಡಿನಲ್ಲಿ ಅಷ್ಟು ಸಾರ್ಥಕವಾದ 4 ಯೂರೊ ಇನ್ನೊಂದಿಲ್ಲ. ಆ ಬುಕಿಂಗ್ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಜನ ಎಡವುತ್ತಾರೆ, ಕ್ಯೂನಲ್ಲಿ ಕಳೆಯದೆ ಉಳಿದ ಆ ಸಮಯದಲ್ಲಿ ಒಳಗೆ ಏನು ಸಿಗುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಕಡೆಯಿಂದ ಯೂರೋಪ್ ಪ್ಯಾಕೇಜ್ ಟೂರ್‌ನಲ್ಲಿ ಹೋಗುವವರಿಗೆ ಫ್ಲಾರೆನ್ಸ್ ಅಂದರೆ ಹೆಚ್ಚಾಗಿ ಅರ್ಧ ದಿನ. ಬೆಟ್ಟದ ಮೇಲಿನ ಮಿಕೆಲಾಂಜೆಲೊ ಚೌಕದಿಂದ ಊರಿನ ನೋಟ, ದೊಡ್ಡ ಚರ್ಚಿನ ಹೊರಗೆ ಒಂದು ಫೋಟೊ, ಸಿನ್ಯೋರಿಯಾ ಚೌಕದಲ್ಲಿ ಒಂದು ಐಸ್‌ಕ್ರೀಮ್, ಆಮೇಲೆ ಬಸ್ಸು. ಉಫಿಜಿಯ ಅಂಗಳದಲ್ಲೇ ನಡೆದುಕೊಂಡು ನದಿಯ ಕಡೆಗೆ ಹೋಗುತ್ತಾರೆ, ಒಳಗೆ ಕಾಲಿಡುವುದಿಲ್ಲ. ಕೇಳಿದರೆ ಉತ್ತರ ಒಂದೇ, ಅಲ್ಲಿ ಕ್ಯೂ ಜಾಸ್ತಿ. ಅಷ್ಟು ದೂರ, ಅಷ್ಟು ದುಡ್ಡು ಕೊಟ್ಟು ಹೋಗಿ, ಬೊಟಿಚೆಲ್ಲಿ ಮತ್ತು ಲಿಯನಾರ್ಡೊ ಚಿತ್ರಗಳು ಇರುವ ಗೋಡೆಯ ಹೊರಮೈ ನೋಡಿಕೊಂಡು ವಾಪಸ್ ಬರುವುದು ನನಗೆ ನಿಜವಾಗಿ ಸಂಕಟದ ವಿಷಯ. ಕ್ಯೂ ತಪ್ಪಿಸಲು ದಾರಿ ಇದೆ, ಕಷ್ಟದ್ದೂ ಅಲ್ಲ.

ಕ್ಯೂ ಯಾಕೆ ಅಷ್ಟು ಉದ್ದ ಅನ್ನುವುದು ಕಟ್ಟಡ ನೋಡಿದರೆ ಅರ್ಥವಾಗುತ್ತದೆ. ಇದು ಮ್ಯೂಸಿಯಂಗಾಗಿ ಕಟ್ಟಿದ ಜಾಗವಲ್ಲ. ಫ್ಲಾರೆನ್ಸ್ ಆಳುತ್ತಿದ್ದ ಮೆಡಿಚಿ ಮನೆತನದ ಮೊದಲನೆಯ ಕೊಸಿಮೊ ಆಡಳಿತದ ಕಚೇರಿಗಳನ್ನೆಲ್ಲ ಒಂದೇ ಕಡೆ ತರಬೇಕು ಅಂತ 1560ರಲ್ಲಿ ವಾಸ್ತುಶಿಲ್ಪಿ ಜಾರ್ಜೊ ವಸಾರಿಯ ಕೈಲಿ ಶುರು ಮಾಡಿಸಿದ ಕಟ್ಟಡ. ಎರಡು ಕಡೆ ಉದ್ದನೆಯ ಸಾಲು ಕಟ್ಟಡ, ನಡುವೆ ಕಿರಿದಾದ ಅಂಗಳ, ತುದಿಯಲ್ಲಿ ಆರ್ನೊ ನದಿ. ಮೆಡಿಚಿಗಳು ಮೇಲಿನ ಮಹಡಿಯಲ್ಲಿ ತಮ್ಮ ಚಿತ್ರ, ಶಿಲ್ಪಗಳನ್ನು ಇಡುತ್ತಾ ಬಂದರು. ಮನೆತನದ ಕೊನೆಯವಳಾದ ಆನ್ನಾ ಮರಿಯಾ ಲೂಯಿಸಾ 1737ರಲ್ಲಿ ಒಂದು ಒಪ್ಪಂದ ಮಾಡಿ, ಇದರಲ್ಲಿ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಹೋಗಬಾರದು ಅಂತ ಕಟ್ಟು ಮಾಡಿದಳು. ಆ ಹೆಣ್ಣುಮಗಳ ಗಟ್ಟಿತನದಿಂದಲೇ ಇವತ್ತು ಎಲ್ಲವೂ ಒಂದೇ ಕಡೆ ಉಳಿದಿದೆ. 1769ರಲ್ಲಿ ಸಾರ್ವಜನಿಕರಿಗೆ ತೆರೆದರು.

ಕಚೇರಿಗೆ ಅಂತ ಕಟ್ಟಿದ ಕೋಣೆಗಳು, ಮೆಟ್ಟಿಲುಗಳು. ಒಮ್ಮೆಗೆ ಒಳಗೆ ಇಷ್ಟೇ ಜನ ಇರಬಹುದು ಅಂತ ಮಿತಿ ಇದೆ. ಅಷ್ಟು ಜನ ತುಂಬಿದ ಮೇಲೆ ಒಳಗಿನವರು ಹೊರಗೆ ಬಂದರೆ ಮಾತ್ರ ಹೊರಗಿನವರು ಒಳಗೆ. ಉಫಿಜಿ, ನದಿಯ ಆಚೆಗಿನ ಪಿಟ್ಟಿ ಅರಮನೆ, ಅದರ ಹಿಂದಿನ ಬೊಬೊಲಿ ತೋಟ, ಮೂರೂ ಒಂದೇ ಆಡಳಿತದ ಕೆಳಗೆ ಬರುತ್ತವೆ. ಮೂರೂ ಸೇರಿ 2023ರಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದಾರೆ. ಅದರಲ್ಲಿ ದೊಡ್ಡ ಪಾಲು ಉಫಿಜಿಯದ್ದೇ. ಬುಕ್ ಮಾಡಿದವರಿಗೆ ಅವರ ಸಮಯಕ್ಕೆ ಜಾಗ ಮೊದಲೇ ಮೀಸಲು. ಉಳಿದ ಜಾಗ ಬಾಗಿಲಲ್ಲಿ ನಿಂತವರಿಗೆ. ಹಾಗಾಗಿ ಬುಕ್ ಮಾಡದವರ ಕ್ಯೂ ಮುಂದಕ್ಕೆ ಹೋಗುವುದೇ ಇಲ್ಲ ಅನಿಸುವಷ್ಟು ನಿಧಾನ. ಸೀಸನ್ನಿನಲ್ಲಿ ಅಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ.

ಈಗ ಬಾಗಿಲುಗಳ ವಿಷಯ. ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಬುಕಿಂಗ್ ಇದ್ದವರೂ ಇಲ್ಲೇ ಸಮಯ ಕಳೆದುಕೊಳ್ಳುವುದು. ಅಂಗಳದಲ್ಲಿ ನಂಬರ್ ಹಾಕಿದ ಮೂರು ಬಾಗಿಲುಗಳಿವೆ. ಒಂದನೇ ಬಾಗಿಲು ಬುಕಿಂಗ್ ಇರುವವರ ಪ್ರವೇಶಕ್ಕೆ. ಎರಡನೇ ಬಾಗಿಲು ಬುಕಿಂಗ್ ಇಲ್ಲದೆ ಅಲ್ಲೇ ಟಿಕೆಟ್ ಕೊಳ್ಳುವವರಿಗೆ. ಮೂರನೇ ಬಾಗಿಲು ಬುಕ್ ಮಾಡಿದವರು ವೋಚರ್ ತೋರಿಸಿ ನಿಜವಾದ ಟಿಕೆಟ್ ಪಡೆಯುವ ಕೌಂಟರ್. ಒಂದು ಮತ್ತು ಎರಡು ಒಂದೇ ಪಕ್ಕದಲ್ಲಿವೆ. ಮೂರನೆಯದು ಅಂಗಳದ ಎದುರು ಪಕ್ಕದಲ್ಲಿದೆ. ಸಿನ್ಯೋರಿಯಾ ಚೌಕದ ಕಡೆಯಿಂದ ಬಂದರೆ ಎಡಗಡೆ ಒಂದು ಮತ್ತು ಎರಡು, ಬಲಗಡೆ ಮೂರು.

ಜನ ಏನು ಮಾಡುತ್ತಾರೆ ಅಂದರೆ, ಎಲ್ಲಿ ಉದ್ದನೆಯ ಸಾಲು ಕಾಣುತ್ತದೋ ಅಲ್ಲಿ ಹೋಗಿ ನಿಂತುಬಿಡುತ್ತಾರೆ. ಆ ಸಾಲು ಎರಡನೇ ಬಾಗಿಲದ್ದು. ಕೈಯಲ್ಲಿ ಬುಕಿಂಗ್ ಪೇಪರ್ ಹಿಡಿದುಕೊಂಡೇ ಅಲ್ಲಿ ನಿಂತಿದ್ದವರನ್ನು ನಾನೇ ನೋಡಿದ್ದೇನೆ. ಇನ್ನು ಕೆಲವರು ವೋಚರ್ ಹಿಡಿದು ನೇರ ಒಂದನೇ ಬಾಗಿಲಿಗೆ ಹೋಗುತ್ತಾರೆ, ಅಲ್ಲಿಂದ ಅವರನ್ನು ಎದುರು ಪಕ್ಕಕ್ಕೆ ಕಳಿಸುತ್ತಾರೆ, ಅಷ್ಟರಲ್ಲಿ ಅವರ ಸಮಯ ಬಂದಿರುತ್ತದೆ. ನಿಮಗೆ ಈಮೇಲ್‌ನಲ್ಲಿ ಬಂದದ್ದು ವೋಚರ್ ಆಗಿದ್ದರೆ ಮೊದಲು ಮೂರನೇ ಬಾಗಿಲು, ಟಿಕೆಟ್ ಕೈಗೆ ಬಂದ ಮೇಲೆ ಒಂದನೇ ಬಾಗಿಲು. ಇಷ್ಟು ನೆನಪಿದ್ದರೆ ಸಾಕು. ನಿಮ್ಮ ಸಮಯಕ್ಕೆ ಅರ್ಧ ಗಂಟೆ ಮುಂಚೆ ಅಂಗಳದಲ್ಲಿರಿ. ಬೇಗ ಮುಗಿದರೆ ಕಂಬಗಳ ಗೂಡುಗಳಲ್ಲಿ ನಿಂತಿರುವ ಡಾಂಟೆ, ಗೆಲಿಲಿಯೊ, ಲಿಯನಾರ್ಡೊ ಇವರ ಕಲ್ಲಿನ ಪ್ರತಿಮೆಗಳನ್ನು ನೋಡುತ್ತಾ ನಿಲ್ಲಬಹುದು.

ಇನ್ನೊಂದು ಮಾತು ಮೊದಲೇ ಹೇಳಬೇಕು. ಬುಕಿಂಗ್ ತಪ್ಪಿಸುವುದು ಟಿಕೆಟ್ ಕ್ಯೂವನ್ನು ಮಾತ್ರ. ಸೆಕ್ಯುರಿಟಿ ತಪಾಸಣೆಯ ಕ್ಯೂ ಎಲ್ಲರಿಗೂ ಇದೆ. ಏರ್‌ಪೋರ್ಟ್ ಥರ ಬ್ಯಾಗ್ ಮಷಿನ್‌ಗೆ ಹಾಕಬೇಕು, ಗೇಟಿನ ಮೂಲಕ ಹಾಯಬೇಕು. "ಕ್ಯೂನೇ ಇಲ್ಲ" ಅಂತ ಜಾಹೀರಾತು ಹಾಕುವವರು ಯಾರೇ ಆಗಲಿ ಈ ಕ್ಯೂ ತಪ್ಪಿಸಿ ಕೊಡಲಾರರು. ಇದರ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. 1993ರ ಮೇ 27ರ ಬೆಳಗಿನ ಜಾವ ಈ ಕಟ್ಟಡದ ಪಕ್ಕದ ಜಾರ್ಜೊಫಿಲಿ ಬೀದಿಯಲ್ಲಿ ಮಾಫಿಯಾದವರು ಕಾರ್ ಬಾಂಬ್ ಇಟ್ಟಿದ್ದರು. ಐದು ಜನ ಸತ್ತರು, ಹಲವು ಚಿತ್ರಗಳು ಹಾಳಾದವು. ಅದು ಗೊತ್ತಿದ್ದರೆ ಬ್ಯಾಗ್ ತೆರೆದು ತೋರಿಸುವುದು ಏನೂ ಅನಿಸುವುದಿಲ್ಲ.

ಬ್ಯಾಗ್ ಅಂದಾಗ ನೆನಪಾಯಿತು. ಬೆನ್ನಿಗೆ ಹಾಕುವ ಬ್ಯಾಗನ್ನು ಕೆಳಗೆ ಕ್ಲೋಕ್‌ರೂಮಿನಲ್ಲಿ ಬಿಟ್ಟು ಹೋಗಬೇಕು. ಅಲ್ಲಿ ಬಿಡುವುದಕ್ಕೆ ಒಂದು ಸಾಲು, ವಾಪಸ್ ಪಡೆಯುವುದಕ್ಕೆ ಇನ್ನೊಂದು. ಪಾಸ್‌ಪೋರ್ಟ್, ಫೋನ್, ಅರ್ಧ ಲೀಟರಿನ ಸಣ್ಣ ನೀರಿನ ಬಾಟಲಿ ಹಿಡಿಸುವಷ್ಟು ಚಿಕ್ಕ ಹೆಗಲ ಚೀಲ ಒಯ್ದರೆ ಎರಡೂ ಸಾಲು ತಪ್ಪುತ್ತದೆ. ಸೂಟ್‌ಕೇಸ್ ಅಂತೂ ತರಲೇಬೇಡಿ, ಸಾಂತಾ ಮರಿಯಾ ನೊವೆಲ್ಲಾ ರೈಲ್ವೆ ಸ್ಟೇಷನ್ನಿನಲ್ಲೇ ಲಗೇಜ್ ಇಡುವ ಜಾಗ ಇದೆ. ಅಲ್ಲಿಂದ ಉಫಿಜಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷದ ನಡಿಗೆ.

ಬುಕಿಂಗ್ ಮಾಡುವುದು ಹೀಗೆ. ವಿಳಾಸ ಉಫಿಜಿ ಡಾಟ್ ಐಟಿ. ಅದರ ಟಿಕೆಟ್ ಪುಟದಿಂದಲೇ ಮುಂದೆ ಹೋಗಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದು ಜಾಹೀರಾತಿನ ಸೈಟ್‌ಗಳು, ನೋಡಲು ಥೇಟ್ ಅಧಿಕೃತ ಸೈಟಿನಂತೆಯೇ ಇರುತ್ತವೆ, ಹೆಸರಿನಲ್ಲೂ ಉಫಿಜಿ, ಫ್ಲಾರೆನ್ಸ್ ಎಲ್ಲ ಇರುತ್ತದೆ. ದುಡ್ಡು ಕಟ್ಟುವ ಮೊದಲು ಬೆಲೆ ನೋಡಿದರೆ ಗೊತ್ತಾಗಿಬಿಡುತ್ತದೆ. ನಾವು ಬುಕ್ ಮಾಡಿದಾಗ ದೊಡ್ಡವರ ಪೂರ್ತಿ ಟಿಕೆಟ್ 25 ಯೂರೊ, ಮೇಲೆ ಬುಕಿಂಗ್‌ಗೆ 4, ಒಟ್ಟು 29. ಬೆಳಿಗ್ಗೆ 8:55ರೊಳಗೆ ಒಳಗೆ ಹೋಗುವ ಟಿಕೆಟ್ ಆದರೆ 25ರ ಬದಲು 19. ಯೂರೊಗೆ ನೂರು ರೂಪಾಯಿ ಲೆಕ್ಕ ಹಿಡಿದರೆ ಬುಕಿಂಗ್ ಖರ್ಚು ತಲೆಗೆ 400. ಬೆಲೆ ಆಗಾಗ ಬದಲಾಗುತ್ತದೆ, ಹೋಗುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಊರಲ್ಲಿ ಇರುವಾಗಲೇ ಬುಕ್ ಮಾಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ನಮ್ಮ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮ ಅದು, ನಾವೇ ಆ್ಯಪ್‌ಗೆ ಹೋಗಿ ಆನ್ ಮಾಡಬೇಕು. ಅದಕ್ಕೆ ಓಟಿಪಿ ಬೇಕು, ಓಟಿಪಿಗೆ ಇಲ್ಲಿನ ಸಿಮ್ ಬೇಕು. ಅಲ್ಲಿ ಹೋಗಿ ಬೇರೆ ಸಿಮ್ ಹಾಕಿಕೊಂಡ ಮೇಲೆ ಹೋಟೆಲ್ ರೂಮಿನಲ್ಲಿ ಕೂತು ಇದನ್ನೆಲ್ಲ ಮಾಡುವುದು ಸುಮ್ನೆ ತಲೆನೋವು. ಮನೆಯಲ್ಲಿ ಐದು ನಿಮಿಷದ ಕೆಲಸ. ಇನ್ನು ಅಲ್ಲಿಯ ಸಮಯ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಟಿಕೆಟ್ ಮೇಲೆ ಇರುವುದು ಅಲ್ಲಿಯ ಗಂಟೆ, ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ಳುವಾಗ ನೋಡಿ ಹಾಕಿ. ಒಮ್ಮೆ ತಗೊಂಡ ಟಿಕೆಟ್‌ಗೆ ದುಡ್ಡು ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ರೈಲಿನ ಟಿಕೆಟ್, ಹೋಟೆಲ್ ಖಾತ್ರಿ ಮಾಡಿಕೊಂಡು ಆಮೇಲೆ ಇದನ್ನು ಮಾಡುವುದು ಒಳ್ಳೆಯದು.

ಮಕ್ಕಳಿದ್ದರೆ ಒಳ್ಳೆಯ ಸುದ್ದಿ. 18 ತುಂಬದವರಿಗೆ ಯಾವ ದೇಶದವರಾದರೂ ಪ್ರವೇಶ ಉಚಿತ. ಆದರೆ ಅವರಿಗೂ ಸಮಯ ಕಾದಿರಿಸಬೇಕು, ಅವರ ಹೆಸರಿನಲ್ಲೂ ಬುಕಿಂಗ್ ಖರ್ಚು ಬೀಳುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ, ವಯಸ್ಸು ಕೇಳುತ್ತಾರೆ. 18ರಿಂದ 25ರವರೆಗೆ 2 ಯೂರೊ ಟಿಕೆಟ್ ಅಂತ ಪಟ್ಟಿಯಲ್ಲಿ ಕಾಣುತ್ತದೆ, ಅದು ಯೂರೋಪಿಯನ್ ಒಕ್ಕೂಟದ ಪ್ರಜೆಗಳಿಗೆ. ನಮ್ಮ ಕಾಲೇಜು ಹುಡುಗರು ಕಡಿಮೆ ಬೆಲೆ ನೋಡಿ ಅದನ್ನೇ ಒತ್ತಿಬಿಡುತ್ತಾರೆ, ಬಾಗಿಲಲ್ಲಿ ಪೂರ್ತಿ ದುಡ್ಡು ಕಟ್ಟಬೇಕಾಗುತ್ತದೆ.

ಬೇರೆ ಸೈಟ್‌ಗಳು ಯಾಕೆ ಬೇಡ ಅಂತ ಕೇಳಬಹುದು. ತಿರುಪತಿಯ 300 ರೂಪಾಯಿಯ ದರ್ಶನದ ಟಿಕೆಟ್ ಇದೆಯಲ್ಲ, ಅದನ್ನೇ ದೇವಸ್ಥಾನದ ಸೈಟಿನಲ್ಲಿ ತಗೊಳ್ಳದೆ ಮಧ್ಯದವರಿಗೆ ಎರಡರಷ್ಟು ಕೊಟ್ಟ ಹಾಗೆ. ಒಳಗೆ ಬಿಡುವುದು ಅದೇ ಬಾಗಿಲಲ್ಲಿ, ಅದೇ ಸಮಯದ ಲೆಕ್ಕದಲ್ಲಿ. ನಮ್ಮ ಪರಿಚಯದ ಒಂದು ಕುಟುಂಬ ಇಂಥ ಒಂದು ಸೈಟಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕೊಟ್ಟು ತಗೊಂಡಿತ್ತು. ಅವರಿಗೆ ಸಿಕ್ಕಿದ್ದು ಟಿಕೆಟ್ ಅಲ್ಲ, ಇಂಥ ಕಡೆ, ಇಂಥ ಬಣ್ಣದ ಬಾವುಟ ಹಿಡಿದವರು ಇರುತ್ತಾರೆ, ಅವರನ್ನು ಭೇಟಿ ಮಾಡಿ ಅನ್ನುವ ಸೂಚನೆ. ಬಾವುಟದವರು ಬರುವ ತನಕ ಬಿಸಿಲಲ್ಲಿ ಕಾಯುವುದೂ ಕ್ಯೂನೇ ಅಲ್ವಾ? ಅಂಗಳದಲ್ಲಿ ಸುತ್ತಾಡುತ್ತಾ "ಲೈನ್ ಇಲ್ಲದೆ ಒಳಗೆ ಬಿಡಿಸುತ್ತೇವೆ" ಅನ್ನುವವರ ಹತ್ತಿರ ಅಂತೂ ಮಾತೇ ಬೇಡ.

ಒಂದು ಸಂದರ್ಭದಲ್ಲಿ ಮಾತ್ರ ಹೊರಗಿನವರ ಟಿಕೆಟ್‌ಗೆ ಬೆಲೆ ಇದೆ. ಲೈಸೆನ್ಸ್ ಇರುವ ಒಳ್ಳೆಯ ಗೈಡ್ ಜೊತೆಗೆ ಬರುವ ಟಿಕೆಟ್ ಆಗಿದ್ದು, ನಿಮಗೆ ಆ ಗೈಡ್ ಬೇಕೇಬೇಕು ಅನಿಸಿದರೆ ತಗೊಳ್ಳಿ. ಆಗ ಕೊಡುವುದು ವಿವರಣೆಗೆ, ಕ್ಯೂಗೆ ಅಲ್ಲ. ಆ ವಿವರಣೆ ಸಣ್ಣ ಗುಂಪಿನಲ್ಲಿ ಸಿಕ್ಕರೆ ನಿಜಕ್ಕೂ ಉಪಯೋಗ, ದೊಡ್ಡ ಗುಂಪಿನಲ್ಲಿ ಹಿಂದೆ ನಿಂತವರಿಗೆ ಚಿತ್ರವೇ ಕಾಣುವುದಿಲ್ಲ.

ಯಾವ ಸಮಯ ಒಳ್ಳೆಯದು? ಮ್ಯೂಸಿಯಂ ಮಂಗಳವಾರದಿಂದ ಭಾನುವಾರದ ತನಕ, ಬೆಳಿಗ್ಗೆ 8:15ರಿಂದ ಸಂಜೆ 6:30. ಸೋಮವಾರ ರಜೆ. ಜನವರಿ 1 ಮತ್ತು ಡಿಸೆಂಬರ್ 25 ಕೂಡ ರಜೆ. ನನ್ನ ಮಟ್ಟಿಗೆ 8:15ಕ್ಕೆ ಮೀರಿದ್ದು ಇನ್ನೊಂದಿಲ್ಲ. ಕಾರಣ ಸರಳ. ರೋಮ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಮಿಲಾನ್‌ನಿಂದ ಎರಡು ಗಂಟೆಯ ಒಳಗೆ, ವೆನಿಸ್‌ನಿಂದ ಎರಡು ಗಂಟೆ ಚಿಲ್ಲರೆ. ಬೆಳಿಗ್ಗೆ ಹೊರಟು ಸಂಜೆ ವಾಪಸ್ ಹೋಗುವವರೆಲ್ಲ ಹತ್ತೂವರೆ, ಹನ್ನೊಂದರ ಹೊತ್ತಿಗೆ ಬಂದು ಸೇರುತ್ತಾರೆ. ಆಗಿಂದ ಮಧ್ಯಾಹ್ನ ಎರಡು, ಮೂರರ ತನಕ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಆಗದಿದ್ದರೆ ನಾಲ್ಕರ ನಂತರ ಹೋಗಿ, ಜನ ಕರಗಿರುತ್ತಾರೆ. ಆದರೆ ಆಗ ಎರಡೂವರೆ ಗಂಟೆಯೂ ಸಿಗುವುದಿಲ್ಲ, ಕೊನೆ ಕೊನೆಗೆ ಕೋಣೆ ಕೋಣೆಯಿಂದ ಹೊರಗೆ ಕಳಿಸುತ್ತಾ ಬರುತ್ತಾರೆ. ಸೋಮವಾರ ಮುಚ್ಚಿರುವುದರಿಂದ ಮಂಗಳವಾರ ಜಾಸ್ತಿ ಜನ. ಬುಧವಾರ, ಗುರುವಾರ ನೋಡಿ.

ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಇಟಲಿಯ ಸರ್ಕಾರಿ ಮ್ಯೂಸಿಯಂಗಳಿಗೆಲ್ಲ ಅನ್ವಯಿಸುವ ನಿಯಮ ಇದು. ಆ ದಿನ ಸಮಯ ಕಾದಿರಿಸಲು ಆಗುವುದಿಲ್ಲ, ಎಲ್ಲರೂ ಒಂದೇ ಸಾಲು. 25 ಯೂರೊ ಉಳಿಯುತ್ತದೆ ಅಂತ ಹೋಗಬೇಡಿ, ಇಡೀ ಬೆಳಗು ಹೋಗುತ್ತದೆ. ಈ ಉಚಿತ ಭಾನುವಾರದ ಕ್ಯೂ ಎಷ್ಟು ದೊಡ್ಡ ತಲೆನೋವಾಗಿತ್ತು ಅಂದರೆ, 2018ರಲ್ಲಿ ಆಗಿನ ನಿರ್ದೇಶಕ ಐಕೆ ಶ್ಮಿಟ್ ಅವರ ಕಾಲದಲ್ಲಿ ಲಾಕ್ವಿಲಾ ವಿಶ್ವವಿದ್ಯಾಲಯದ ಜೊತೆ ಸೇರಿ ಒಂದು ಲೆಕ್ಕಾಚಾರದ ಪದ್ಧತಿಯನ್ನೇ ಮಾಡಿಸಿ ಪ್ರಯೋಗ ನಡೆಸಿದರು. ಮಷಿನ್ನಿನಿಂದ ಒಂದು ಚೀಟಿ ತಗೊಳ್ಳುವುದು, ಅದರ ಮೇಲೆ ಇಷ್ಟು ಗಂಟೆಗೆ ಬನ್ನಿ ಅಂತ ಇರುತ್ತದೆ, ಅಲ್ಲಿಯ ತನಕ ಊರು ಸುತ್ತಿ ಬರುವುದು. ಜನ ಒಳಗೆ ಎಷ್ಟು ಹೊತ್ತು ಇರುತ್ತಾರೆ, ಹೇಗೆ ಓಡಾಡುತ್ತಾರೆ ಅನ್ನುವುದರ ಮೇಲೆ ಆ ಗಂಟೆಯನ್ನು ಲೆಕ್ಕ ಹಾಕುತ್ತಿತ್ತು. ಗಂಟೆಗಟ್ಟಲೆಯ ಕಾಯುವಿಕೆ ನಿಮಿಷಗಳಿಗೆ ಇಳಿಯಿತು. ಒಂದು ಮ್ಯೂಸಿಯಂ ತನ್ನ ಬಾಗಿಲಲ್ಲಿ ನಿಂತವರ ಕಷ್ಟವನ್ನು ಇಷ್ಟು ಗಂಭೀರವಾಗಿ ತಗೊಂಡದ್ದು ನನಗೆ ತುಂಬಾ ಇಷ್ಟವಾದ ವಿಷಯ.

ಸರಿ, 8:15ಕ್ಕೆ ಒಳಗೆ ಹೋದಿರಿ ಅಂದುಕೊಳ್ಳಿ. ನೋಡುವುದು ಮೇಲಿನ, ಅಂದರೆ ಎರಡನೇ ಮಹಡಿಯಿಂದ ಶುರು. ದೊಡ್ಡ ಕಲ್ಲಿನ ಮೆಟ್ಟಿಲು, ಸಾಕಷ್ಟು ಹತ್ತಬೇಕು. ಮಂಡಿ ನೋವಿರುವವರು ಸಿಬ್ಬಂದಿಗೆ ಹೇಳಿದರೆ ಲಿಫ್ಟ್ ತೋರಿಸುತ್ತಾರೆ. ನಮ್ಮ ಅಮ್ಮನನ್ನು ಹಾಗೆಯೇ ಕರೆದುಕೊಂಡು ಹೋದೆವು, ಯಾರೂ ಮುಖ ಗಂಟು ಹಾಕಲಿಲ್ಲ. ಮೇಲೆ ಹೋದ ತಕ್ಷಣ ಉದ್ದನೆಯ ಕಾರಿಡಾರ್. ತಲೆಯ ಮೇಲೆ ಬಳ್ಳಿ, ಪ್ರಾಣಿ, ವಿಚಿತ್ರ ಮುಖಗಳ ಚಿತ್ರ ತುಂಬಿದ ಚಾವಣಿ, ಎರಡೂ ಪಕ್ಕ ಪ್ರಾಚೀನ ರೋಮನ್ ಶಿಲ್ಪಗಳು. ಎಲ್ಲರೂ ಇಲ್ಲಿ ಮೊದಲ ಕೋಣೆಯಿಂದ ಕ್ರಮವಾಗಿ ಶುರು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ನೇರ ಬೊಟಿಚೆಲ್ಲಿ ಕೋಣೆಗೆ ನಡೆಯಿರಿ, ಆಮೇಲೆ ವಾಪಸ್ ಬಂದು ಅವನಿಗಿಂತ ಹಳೆಯ ಚಿತ್ರಕಾರರಾದ ಚಿಮಾಬುಯೆ, ಜೊತ್ತೊ ನೋಡಿ. ಹನ್ನೊಂದು ಗಂಟೆಗೂ ಜೊತ್ತೊ ಮುಂದೆ ಆರಾಮಾಗಿ ನಿಲ್ಲಬಹುದು. ಬೊಟಿಚೆಲ್ಲಿ ಮುಂದೆ ಆಗುವುದಿಲ್ಲ.

ವೀನಸ್‌ನ ಹುಟ್ಟಿನ ಚಿತ್ರದ ಮುಂದೆ ನಾವು ನಿಂತಾಗ ಕೋಣೆಯಲ್ಲಿ ಬೆರಳೆಣಿಕೆಯ ಜನ. ಎರಡೂಮುಕ್ಕಾಲು ಮೀಟರ್ ಅಗಲದ ಕ್ಯಾನ್ವಾಸ್, 1485ರ ಆಸುಪಾಸಿನದು. ಪುಸ್ತಕ, ಕ್ಯಾಲೆಂಡರ್, ಟೀ ಶರ್ಟ್ ಎಲ್ಲೆಲ್ಲೂ ನೋಡಿ ಗೊತ್ತಿರುವ ಚಿತ್ರವೇ. ಆದರೆ ಹತ್ತಿರ ಹೋದಾಗ ಅವಳ ಕೂದಲಲ್ಲಿ ಚಿನ್ನದ ಗೆರೆಗಳು ಕಂಡವು. ಬಣ್ಣದ ಚಿನ್ನ ಅಲ್ಲ, ನಿಜವಾದ ಚಿನ್ನ, ಕೂದಲೆಳೆಯಷ್ಟೇ ಸಣ್ಣಗೆ ಎಳೆದದ್ದು. ಬದಿಗೆ ಒಂದು ಹೆಜ್ಜೆ ಸರಿದರೆ ಮಿಂಚುತ್ತದೆ, ಇನ್ನೊಂದು ಹೆಜ್ಜೆಗೆ ಆರಿಹೋಗುತ್ತದೆ. ಮರದ ಎಲೆಗಳ ಮೇಲೂ ಹಾಗೇ. ಯಾವ ಪ್ರಿಂಟಿನಲ್ಲೂ ಇದು ಬರುವುದಿಲ್ಲ. ಎದುರಿಗೆ ನಲವತ್ತು ಜನ ಫೋನ್ ಎತ್ತಿ ಹಿಡಿದಿದ್ದರೆ ಬದಿಗೆ ಸರಿಯಲು ಜಾಗವೇ ಇರುವುದಿಲ್ಲ, ಈ ಚಿನ್ನ ಕಾಣುವುದೂ ಇಲ್ಲ. ನಾನು 4 ಯೂರೊ ಸಾರ್ಥಕ ಅಂದದ್ದು ಇದಕ್ಕೆ. ಅಲ್ಲೇ ಹತ್ತಿರದಲ್ಲಿ ವಸಂತದ ಚಿತ್ರ ಪ್ರಿಮವೆರಾ ಇದೆ. ಅದು ಮರದ ಹಲಗೆಯ ಮೇಲೆ ಬರೆದದ್ದು. ಕಾಲ ಬಳಿಯ ಹುಲ್ಲನ್ನು ನೋಡಿ, ನೂರಕ್ಕೂ ಹೆಚ್ಚು ಬಗೆಯ ಗಿಡ, ಹೂವುಗಳನ್ನು ಸಸ್ಯಶಾಸ್ತ್ರ ತಿಳಿದವರು ಗುರುತಿಸಿದ್ದಾರೆ.

ಮುಂದೆ ಟ್ರಿಬ್ಯೂನಾ. ವಾಸ್ತುಶಿಲ್ಪಿ ಬುವೊಂತಲೆಂತಿ 1584ರಲ್ಲಿ ಮುಗಿಸಿದ ಎಂಟು ಮೂಲೆಯ ಕೋಣೆ, ಗುಮ್ಮಟದ ಒಳಗೆಲ್ಲ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಗೋಡೆ ಕೆಂಪು. ಒಳಗೆ ಹೋಗಲು ಬಿಡುವುದಿಲ್ಲ, ಬಾಗಿಲಿಂದಲೇ ನೋಡಬೇಕು. ಹಾಗಾಗಿ ಬಾಗಿಲಲ್ಲಿ ಯಾವಾಗಲೂ ಒಂದು ಚಿಕ್ಕ ಗುಂಪು. ಜನ ಇದ್ದರೆ ಮುಂದಕ್ಕೆ ಹೋಗಿ, ಅದೇ ಕೋಣೆಗೆ ಇನ್ನೂ ಬಾಗಿಲುಗಳಿವೆ.

ಕಟ್ಟಡದ ಎರಡು ಸಾಲುಗಳನ್ನು ಕೂಡಿಸುವ ಚಿಕ್ಕ ಕಾರಿಡಾರಿನ ಕಿಟಕಿಯಲ್ಲಿ ಆರ್ನೊ ನದಿ, ಪೊಂಟೆ ವೆಕ್ಕಿಯೊ ಸೇತುವೆ, ಅದರ ಮೇಲೆ ಹಾದು ಪಿಟ್ಟಿ ಅರಮನೆಗೆ ಹೋಗುವ ಮುಚ್ಚಿದ ನಡೆದಾರಿ, ಅಂದರೆ ವಸಾರಿ ಕಾರಿಡಾರಿನ ಹೆಂಚಿನ ಮಾಡು ಕಾಣುತ್ತದೆ. ಇಲ್ಲಿ ಎಲ್ಲರೂ ಫೋಟೊ ತೆಗೆಯುತ್ತಾರೆ, ತೆಗೆಯಲೇಬೇಕಾದ ನೋಟ.

ಲಿಯನಾರ್ಡೊ ಕೋಣೆಗೆ ಸಮಯ ಇಟ್ಟುಕೊಳ್ಳಿ. ಅಲ್ಲಿ ಅವನ ಎಳೆ ವಯಸ್ಸಿನ ಚಿತ್ರವೊಂದಿದೆ, ದೇವದೂತ ಮೇರಿಗೆ ಸುದ್ದಿ ಹೇಳಲು ಬಂದದ್ದು. ಎದುರಿಗೆ ನಿಂತು ನೋಡಿದರೆ ಮೇರಿಯ ಬಲಗೈ ಪುಸ್ತಕದ ಪೀಠದ ಕಡೆಗೆ ಚಾಚಿದ್ದು ಯಾಕೋ ಉದ್ದವಾಗಿ ಕಾಣುತ್ತದೆ, ಕೂತ ಜಾಗಕ್ಕೂ ಪೀಠಕ್ಕೂ ಹೊಂದುವುದಿಲ್ಲ ಅನಿಸುತ್ತದೆ. ಈಗ ನಿಧಾನವಾಗಿ ಬಲಗಡೆಗೆ ನಡೆಯಿರಿ. ನಡೆದ ಹಾಗೆ ತೋಳು ಸರಿಹೋಗುತ್ತಾ ಬರುತ್ತದೆ, ಪೀಠ ತನ್ನ ಜಾಗಕ್ಕೆ ಹೋಗುತ್ತದೆ. ಬಲಗಡೆಯಿಂದ, ಸ್ವಲ್ಪ ಕೆಳಗಿನಿಂದ ನೋಡುವವರಿಗಾಗಿ ಬರೆದ ಚಿತ್ರ ಅಂತ ಕಲಾವಿದ್ವಾಂಸರು ಹೇಳುವುದು ಇದನ್ನೇ. ಅಮ್ಮನಿಗೆ ಇದನ್ನು ತೋರಿಸಿದೆ. ಅವರು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮತ್ತೆ ಮತ್ತೆ ನಡೆದು ನೋಡಿದರು, ಕಾವಲಿಗೆ ಕೂತಿದ್ದ ಹೆಂಗಸು ನಕ್ಕು ತಲೆಯಾಡಿಸಿದರು. ಅದರ ಜೊತೆಗೇ ಅರ್ಧಕ್ಕೆ ಬಿಟ್ಟ ಮಾಗಿಗಳ (ಮಗು ಯೇಸುವನ್ನು ನೋಡಲು ಬಂದ ಪೂರ್ವದ ಜ್ಞಾನಿಗಳ) ಆರಾಧನೆಯ ಚಿತ್ರ ಇದೆ. ಬಣ್ಣ ಬರುವ ಮುಂಚಿನ ಕಂದು ಗೆರೆಗಳೆಲ್ಲ ಹಾಗೇ ಉಳಿದಿವೆ. ವರ್ಷಗಟ್ಟಲೆ ಶುಚಿ ಮಾಡಿ 2017ರಲ್ಲಿ ವಾಪಸ್ ತಂದದ್ದು, ಹಿಂದಿನ ಕುದುರೆಗಳ ಕಾದಾಟ ಈಗ ಸ್ಪಷ್ಟವಾಗಿ ಕಾಣುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಮಿಕೆಲಾಂಜೆಲೊನ ದುಂಡು ಚಿತ್ರ, ಅದರ ಕೆತ್ತನೆಯ ಚೌಕಟ್ಟು ಸಮೇತ ನೋಡಿ. ರಫಾಯೆಲ್ ಬರೆದ ಪುಟ್ಟ ಹಕ್ಕಿ ಹಿಡಿದ ಮಗುವಿನ ಚಿತ್ರ ಒಂದು ಕಾಲದಲ್ಲಿ ಮನೆ ಕುಸಿದು ಚೂರು ಚೂರಾಗಿತ್ತು, ಈಗ ನೋಡಿದರೆ ಗೊತ್ತೇ ಆಗುವುದಿಲ್ಲ. ಕೆಳಗಿನ ಮಹಡಿಯಲ್ಲಿ ಟಿಶಿಯನ್, ಕಾರವಾಜ್ಜೊ, ಆರ್ಟೆಮಿಸಿಯಾ ಜೆಂಟಿಲೆಸ್ಕಿ. ಕಾರವಾಜ್ಜೊನ ಮೆಡೂಸಾ ಉಬ್ಬಿದ ಗುರಾಣಿಯ ಮೇಲೆ ಬರೆದದ್ದು, ಫೋಟೊದಲ್ಲಿ ಚಪ್ಪಟೆ ಕಾಣುವ ಮುಖ ಅಲ್ಲಿ ಮುಂದಕ್ಕೆ ಬರುತ್ತದೆ. ಮೇಲಿನ ಮಹಡಿಯಲ್ಲೇ ದಣಿದುಹೋದವರು ಈ ಕೆಳಗಿನ ಕೋಣೆಗಳನ್ನು ಓಡುತ್ತಾ ದಾಟಿಬಿಡುತ್ತಾರೆ, ಅದು ದೊಡ್ಡ ನಷ್ಟ. ನಡುವೆ ಕೆಫೆಯಲ್ಲಿ ಕೂತು ಎದ್ದು ಬನ್ನಿ. ಬೆಲೆ ಹೊರಗಿಗಿಂತ ಜಾಸ್ತಿ, ಆದರೆ ತಾರಸಿಯಿಂದ ಸಿನ್ಯೋರಿಯಾ ಚೌಕದ ಹಳೆಯ ಅರಮನೆಯ ಗಡಿಯಾರದ ಗೋಪುರ ಕಣ್ಣೆದುರಿಗೇ ಇರುತ್ತದೆ. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಬಿಡುವುದಿಲ್ಲ, ನೆನಪಿರಲಿ.

ದೂರುಗಳೂ ಇವೆ. ಬಾಗಿಲುಗಳ ಬೋರ್ಡ್ ಇನ್ನೂ ದೊಡ್ಡದಾಗಿ ಇರಬೇಕಿತ್ತು. ಅಷ್ಟು ದೂರದಿಂದ ಬರುವವರಿಗೆ ಎದುರು ಪಕ್ಕದ ಕೌಂಟರ್ ಅನ್ನುವುದು ಅಂಗಳದಲ್ಲಿ ಕಾಲಿಟ್ಟ ಕೂಡಲೇ ಕಾಣುವ ಹಾಗೆ ಬರೆಯಬೇಕು. ಕೂರಲು ಬೆಂಚುಗಳು ಸಾಲದು, ವಯಸ್ಸಾದವರಿಗೆ ಕಷ್ಟವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೆಲ್ಫಿ ತೆಗೆಯುವವರ ನೂಕುನುಗ್ಗಲು ಕಿರಿಕಿರಿ. 2025ರ ಜೂನ್‌ನಲ್ಲಿ ಒಬ್ಬ ಪ್ರವಾಸಿ ಮೆಡಿಚಿ ರಾಜಕುಮಾರನ ಚಿತ್ರದ ಮುಂದೆ ಅವನ ಹಾಗೇ ಭಂಗಿ ಮಾಡಿ ಫೋಟೊ ತೆಗೆಸಿಕೊಳ್ಳಲು ಹೋಗಿ, ಹಿಂದಕ್ಕೆ ಜಾರಿ ಕ್ಯಾನ್ವಾಸ್ ಹರಿದುಬಿಟ್ಟ. ಮುನ್ನೂರು ವರ್ಷದ ಹಿಂದಿನ ಚಿತ್ರ. ಓದಿದಾಗ ಹೊಟ್ಟೆ ಉರಿಯಿತು.

ಎರಡು ಮೂರು ದಿನ ಊರಲ್ಲಿ ಇರುವವರಿಗೆ ಮೂರೂ ಜಾಗ ಸೇರಿದ ಐದು ದಿನದ ಟಿಕೆಟ್ ಇದೆ, ಉಫಿಜಿ, ಪಿಟ್ಟಿ ಅರಮನೆ, ಬೊಬೊಲಿ ತೋಟ. ಬೇರೆ ಬೇರೆ ಕೊಳ್ಳುವುದಕ್ಕಿಂತ ಅಗ್ಗ, ಸಮಯ ಕಾದಿರಿಸುವುದು ಉಫಿಜಿಗೆ. ಊರಿನ ಮ್ಯೂಸಿಯಂಗಳಿಗೆಲ್ಲ ಫಿರೆಂಜೆ ಕಾರ್ಡ್ ಅಂತ 72 ಗಂಟೆಯದ್ದು ಒಂದಿದೆ. ಅದು ದುಬಾರಿ, ದಿನಕ್ಕೆ ಮೂರು ನಾಲ್ಕು ಕಡೆ ಹೋಗುವವರಿಗೆ ಮಾತ್ರ ಲಾಭ, ಮೇಲಾಗಿ ಕಾರ್ಡ್ ಇದ್ದರೂ ಉಫಿಜಿಗೆ ಸಮಯ ಬೇರೆ ಕಾದಿರಿಸಲೇಬೇಕು. ಸೇತುವೆಯ ಮೇಲಿನ ವಸಾರಿ ಕಾರಿಡಾರ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ, ಅದಕ್ಕೆ ಉಫಿಜಿ ಜೊತೆ ಸೇರಿದ ಪ್ರತ್ಯೇಕ ಟಿಕೆಟ್. ಮಿಕೆಲಾಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ ಉಫಿಜಿಯಲ್ಲಿ ಇಲ್ಲ. ಹತ್ತಿರದ ಚೌಕದಲ್ಲಿ ನಿಂತಿರುವುದು ನಕಲು, ಮೂಲವನ್ನು 1873ರಲ್ಲೇ ಅಕಾಡೆಮಿಯಾ ಗ್ಯಾಲರಿಗೆ ಸಾಗಿಸಿದರು. ಅಲ್ಲಿಯ ಟಿಕೆಟ್ ಬೇರೆ, ಕ್ಯೂ ಬೇರೆ, ಬುಕಿಂಗ್ ಬೇರೆ. ಎರಡನ್ನೂ ಒಂದೇ ಬೆಳಿಗ್ಗೆ ಇಟ್ಟುಕೊಳ್ಳಬೇಡಿ, ಉಫಿಜಿಗೆ ಕಮ್ಮಿ ಅಂದರೂ ಮೂರೂವರೆ ಗಂಟೆ ಬೇಕು.

ನಿಮ್ಮ ದಿನಕ್ಕೆ ಸ್ಲಾಟ್ ಖಾಲಿ ಇಲ್ಲ ಅಂತ ತೋರಿಸಿದರೆ ತಕ್ಷಣ ಮಧ್ಯದವರ ಸೈಟಿಗೆ ಓಡಬೇಡಿ. ಬೇರೆ ಗಂಟೆ ನೋಡಿ, ಒಟ್ಟಿಗೆ ನಾಲ್ಕು ಟಿಕೆಟ್ ಸಿಗದಿದ್ದರೆ ಎರಡೆರಡಾಗಿ ಹುಡುಕಿ, ಐದು ದಿನದ ಟಿಕೆಟ್‌ನಲ್ಲಿ ಸಮಯ ಸಿಗುತ್ತದಾ ನೋಡಿ. ಅದೂ ಇಲ್ಲವಾದರೆ ಬೆಳಿಗ್ಗೆ ಏಳೂವರೆಗೆ ಹೋಗಿ ಎರಡನೇ ಬಾಗಿಲಲ್ಲಿ ನಿಂತುಬಿಡಿ. ಹತ್ತು ಗಂಟೆಗೆ ನಿಲ್ಲುವವರಿಗಿಂತ ತುಂಬಾ ಮುಂಚೆ ಒಳಗಿರುತ್ತೀರಿ. ನವೆಂಬರ್‌ನಿಂದ ಫೆಬ್ರವರಿಯ ನಡುವೆ, ಕ್ರಿಸ್‌ಮಸ್ ವಾರ ಬಿಟ್ಟು, ವಾರದ ನಡುವಿನ ದಿನಗಳಲ್ಲಿ ಈ ಬಾಗಿಲಲ್ಲೂ ಜನ ಕಡಿಮೆ. ಏಪ್ರಿಲ್‌ನಿಂದ ಅಕ್ಟೋಬರ್‌ಗೆ ಹೋಗುವವರು ವೀಸಾ ಬಂದ ದಿನವೇ ಈ ಟಿಕೆಟ್ಟನ್ನೂ ಮಾಡಿಕೊಳ್ಳಿ.